ಗಾಲಿಕುರ್ಚಿಯ ವಿದ್ಯಾರ್ಥಿಗಳೂ ಬರ್ಕ್ಲಿಯ ವಿಶ್ವವಿದ್ಯಾಲಯವೂ

ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಅಲ್ಲಿ ಪಾಠ ಹೇಳಿದ ಗುರುಗಳನ್ನೂ, ಅಲ್ಲಿಂದ ಹೊರಬಂದ ಪಂಡಿತರನ್ನೂ, ಕಟ್ಟಡಗಳಿಗೆ ದ್ರವ್ಯವಿತ್ತ ದಾನಿಗಳನ್ನೂ ತಪ್ಪದೆ ಕೊಂಡಾಡುವರು. ವಿದ್ಯಾರ್ಥಿಯು ರಾತ್ರಿ ಎಲ್ಲಿ ಮಲಗಿದನು, ಹೊತ್ತಿಗೆ ಸರಿಯಾಗಿ ಅವನಿಗೆ ಅನ್ನವಿಕ್ಕಿದವರಾರು, ಹಾಸಿಗೆಯಿಂದ ಪಾಠದ ಕೋಣೆಯವರೆಗೆ ಅವನು ಹೇಗೆ ಹೋದನು ಎಂಬ ಮಾತು ಅಂಥ ಚರಿತ್ರೆಗಳಲ್ಲಿ ವಿರಳ. ಆದರೆ ಊಟವಸತಿಗಳ ಆಸರೆಯಿಲ್ಲದೆ ವಿದ್ಯೆಯು ಕೈಗೂಡದೆಂಬುದನ್ನು ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಉಂಡು ಓದಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಡ ವಿದ್ಯಾರ್ಥಿಯ ವಿಷಯದಲ್ಲಿ ನಿಜವಾದ ಈ ಮಾತು, ಕಾಲುಗಳ ಶಕ್ತಿಯನ್ನು ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತ ವಿದ್ಯಾರ್ಥಿಯ ವಿಷಯದಲ್ಲಿ ನೂರ್ಮಡಿ ನಿಜ. ಅವನಿಗೆ ಕಾಲೇಜಿನ ಪಾಠವು ಕಠಿಣವಲ್ಲ. ಪಾಠದ ಕೋಣೆಯ ಮುಂದಿನ ಮೂರು ಮೆಟ್ಟಲುಗಳು ಕಠಿಣ. ಈ ಕಷ್ಟವನ್ನು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿರುವ ಬರ್ಕ್ಲಿ ಪಟ್ಟಣದ ವಿಶ್ವವಿದ್ಯಾಲಯದಲ್ಲಿ 1962ರಿಂದ ಮುಂದಕ್ಕೆ ಕೆಲವು ವಿದ್ಯಾರ್ಥಿಗಳು ಎದುರಿಸಿದ ಬಗೆಯು ವಾಚಕರು ತಿಳಿಯತಕ್ಕದ್ದಾಗಿದೆ.

ಗಾಲಿಕುರ್ಚಿಯು ಬಹುಕಾಲದವರೆಗೆ ರೋಗಿಯ ಉಪಕರಣವೆಂದೇ ಎಣಿಸಲ್ಪಟ್ಟಿತ್ತು. ಆಸ್ಪತ್ರೆಯ ನುಣುಪಾದ ನೆಲದ ಮೇಲೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಾಗಿಸುವದಕ್ಕಾಗಿ ಅದನ್ನು ಮಾಡುತ್ತಿದ್ದರೇ ಹೊರತು, ಬೀದಿಯಲ್ಲಿ ತಿರುಗುವದಕ್ಕಾಗಿ ಅಲ್ಲ. 1930ರ ದಶಕದಲ್ಲಿ, ಗಣಿಯ ಅಪಘಾತದಲ್ಲಿ ನಡೆಯುವ ಶಕ್ತಿಯನ್ನು ಕಳೆದುಕೊಂಡಿದ್ದ ಹರ್ಬರ್ಟ್ ಎವರೆಸ್ಟ್ ಎಂಬ ಎಂಜಿನಿಯರರೂ ಅವರ ಸ್ನೇಹಿತರಾದ ಹ್ಯಾರಿ ಜೆನಿಂಗ್ಸರೂ ಕೂಡಿ, ಮಡಚಿ ಮೋಟಾರುಗಾಡಿಯಲ್ಲಿ ಇಟ್ಟುಕೊಳ್ಳಬಹುದಾದ ಹಗುರಾದ ಕುರ್ಚಿಯೊಂದನ್ನು ಮಾಡಿದರು. ಕುಳಿತವನು ಮನೆಬಿಟ್ಟು ಹೊರಗೆ ಹೋಗುವದು ಅಂದಿನಿಂದ ಸಾಧ್ಯವಾಯಿತು. ಹೋದಲ್ಲಿ ಒಳಗೆ ಬರಗೊಡುವರೋ ಇಲ್ಲವೋ ಎಂಬುದು ಬೇರೆ ಮಾತು.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಗಾಯಾಳುಗಳಾದ ಸಾವಿರಾರು ತರುಣ ಸೈನಿಕರು ಊರಿಗೆ ಮರಳಿದರು. ಯುದ್ಧದಿಂದ ಬಂದವರ ಕಾಲೇಜಿನ ವೆಚ್ಚವನ್ನು ಸರಕಾರವು ವಹಿಸುವಂತೆ 1944ರಲ್ಲಿಯೇ ಕಾಯದೆಯಾಗಿತ್ತು. ಹಣವೇನೋ ಸಿದ್ಧವಾಗಿತ್ತು, ಆದರೆ ಗಾಲಿಕುರ್ಚಿಯನ್ನು ಒಳಗೆ ಬಿಡುವ ಕಾಲೇಜು ಇರಲಿಲ್ಲ. 1948ರಲ್ಲಿ ಟಿಮಥಿ ನ್ಯೂಜೆಂಟ್ ಎಂಬವರು ಇಲಿನಾಯ್ ವಿಶ್ವವಿದ್ಯಾಲಯದ ಗೇಲ್ಸ್‌ಬರ್ಗ್ ಶಾಖೆಯಲ್ಲಿ ಇಂಥ ವಿದ್ಯಾರ್ಥಿಗಳಿಗಾಗಿ ಒಂದು ವ್ಯವಸ್ಥೆಯನ್ನು ಆರಂಭಿಸಿದರು. ಆ ಶಾಖೆಯು ನಡೆಯುತ್ತಿದ್ದದ್ದು ಯುದ್ಧಕಾಲದ ಸೈನಿಕ ಆಸ್ಪತ್ರೆಯ ಕಟ್ಟಡದಲ್ಲಿ. ಮರುವರ್ಷವೇ ಸಂಸ್ಥಾನದ ಸರಕಾರವು ಆ ಶಾಖೆಯನ್ನು ಮುಚ್ಚಿಬಿಡಲು, ಗಾಲಿಕುರ್ಚಿಯ ವಿದ್ಯಾರ್ಥಿಗಳು ರಾಜಧಾನಿಯಾದ ಸ್ಪ್ರಿಂಗ್‌ಫೀಲ್ಡಿಗೆ ಹೋಗಿ ತಮ್ಮ ಅಹವಾಲನ್ನು ಹೇಳಿಕೊಂಡರು. ಬಹಳ ಹಗ್ಗಜಗ್ಗಾಟದ ತರುವಾಯ ಪರೀಕ್ಷಾರ್ಥವಾಗಿ ಎಂಬ ಕರಾರಿನ ಮೇಲೆ ಅವರಿಗೆ ಅರ್ಬಾನಾದ ಮುಖ್ಯ ವಿದ್ಯಾಲಯದಲ್ಲಿ ಸ್ಥಳವು ದೊರಕಿತು. ಕಟ್ಟಡಗಳಿಗೆ ಇಳಿಜಾರು ದಾರಿ, ಕುರ್ಚಿಯನ್ನು ಎತ್ತಿಕೊಳ್ಳುವ ಬಸ್ಸು, ಕುರ್ಚಿಯಲ್ಲಿ ಕುಳಿತೇ ಆಡುವ ಚೆಂಡಾಟ ಇವೆಲ್ಲವೂ ಮುಂದೆ ಅಲ್ಲಿ ಬೆಳೆದವು. ಆದರೆ ನ್ಯೂಜೆಂಟರ ಪದ್ಧತಿಯಲ್ಲಿ ವಿದ್ಯಾರ್ಥಿಯು ತನ್ನ ಕೆಲಸವನ್ನೆಲ್ಲ ತನ್ನ ಕೈಯಿಂದಲೇ ಮಾಡಿಕೊಳ್ಳುವದಕ್ಕೆ ಬಹಳ ಮಹತ್ವವಿದ್ದಿತು. ಅದು ಪರಾಕ್ರಮಿಗಳಾದ ಸೈನಿಕರಿಗೆ ಒಪ್ಪುವ ಶಿಸ್ತು. ಕೈಗಳೂ ಇಲ್ಲದಂತೆಯೇ ಆದವನ ಗತಿಯೇನೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಆ ಉತ್ತರವು ಬರ್ಕ್ಲಿಯಿಂದ ಬರಬೇಕಾಯಿತು.

ಎಡ್ವರ್ಡ್ ರಾಬರ್ಟ್ಸನು 1939ನೆಯ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಟೆಯೋದಲ್ಲಿ ಹುಟ್ಟಿದನು. ಚೆಂಡಾಟದಲ್ಲಿ ಆಸಕ್ತನಾದ ಹುಡುಗ. 1953ರಲ್ಲಿ, ಅವನ 14ನೆಯ ವಯಸ್ಸಿನಲ್ಲಿ, ಪೋಲಿಯೋ ಜಾಡ್ಯವು ತಗಲಿತು. ಸಾಕ್ ಎಂಬ ವೈದ್ಯರು ಕಂಡುಹಿಡಿದ ಲಸಿಕೆಯು ಬಳಕೆಗೆ ಬಂದದ್ದು 1955ರಲ್ಲಿ; ಎರಡೇ ವರ್ಷಗಳ ಅಂತರದಲ್ಲಿ ಅವನ ದೇಹವು ಅವನ ಕೈತಪ್ಪಿಹೋಯಿತು. ಕುತ್ತಿಗೆಯಿಂದ ಕೆಳಗೆ ಒಂದು ಕೈಯ ಎರಡು ಬೆರಳು, ಕಾಲಿನ ಕೆಲವು ಬೆರಳು, ಇಷ್ಟೇ ಅವನ ಅಧೀನದಲ್ಲಿ ಉಳಿದವು. ಉಸಿರಾಟದ ಸ್ನಾಯುಗಳೂ ಸೋತದ್ದರಿಂದ, 'ಆಯರ್ನ್ ಲಂಗ್' ಎಂಬ ಯಂತ್ರದಲ್ಲಿ ಅವನನ್ನು ಇಟ್ಟರು. ಅದೊಂದು ಉಕ್ಕಿನ ದೊಡ್ಡ ಕೊಳವೆ. ತಲೆಯೊಂದನ್ನು ಹೊರಗೆ ಬಿಟ್ಟು ಮಿಕ್ಕ ಶರೀರವನ್ನೆಲ್ಲ ಅದರೊಳಗೆ ಮಲಗಿಸುವರು. ಒಳಗಿನ ಗಾಳಿಯ ಒತ್ತಡವು ಹೆಚ್ಚುಕಡಿಮೆಯಾದಂತೆ ಎದೆಯು ಉಬ್ಬಿ ತಗ್ಗಿ ಉಸಿರು ಆಡುವದು. ಹಗಲಿನಲ್ಲಿ ಕೆಲವು ತಾಸು ಯಂತ್ರದಿಂದ ಹೊರಗಿರುವದಕ್ಕಾಗಿ ಅವನು ಕಪ್ಪೆಯಂತೆ ಬಾಯಿಯಿಂದ ಗಾಳಿಯನ್ನು ಗುಟುಕು ಗುಟುಕಾಗಿ ನುಂಗಿ ಉಸಿರಾಡುವದನ್ನು ಕಲಿತನು. ರಾತ್ರಿಯ ನಿದ್ರೆ ಮಾತ್ರ ಯಂತ್ರದಲ್ಲಿಯೇ.

ಈ ಹುಡುಗನು ಬದುಕಿದರೂ ಗಿಡಮರದಂತೆ ಬಿದ್ದಿರುವನು, ಅದಕ್ಕಿಂತ ಸಾಯುವದೇ ಲೇಸೆಂಬ ಅರ್ಥದ ಮಾತನ್ನು ವೈದ್ಯರೊಬ್ಬರು ತಾಯಿಗೆ ಹೇಳಿದ್ದು ಅವನ ಕಿವಿಗೆ ಬಿದ್ದಿತು. ಅವನಿಗೂ ಸಾಯುವದೇ ಲೇಸೆನ್ನಿಸಿತು. ಆದರೆ ಸಾಯುವದಕ್ಕಾದರೂ ಕೈಯಲ್ಲಿ ಶಕ್ತಿ ಬೇಕಲ್ಲ! ಆದುದರಿಂದ ಅನ್ನವನ್ನು ನಿರಾಕರಿಸಿದನು. ದಾದಿಯರು ಬಲವಂತದಿಂದ ಉಣ್ಣಿಸುತ್ತ ಬಂದರೂ ದಿನೇದಿನೇ ಸೊರಗಿ ಎಲುಬಿನ ಗೂಡಾದನು. ಕಡೆಗೆ ಪ್ರತ್ಯೇಕವಾಗಿ ನೇಮಿಸಿದ್ದ ದಾದಿಯರು ಬಿಟ್ಟುಹೋದ ಮೇಲೆ, ಉಣ್ಣುವದೂ ಬಿಡುವದೂ ತನ್ನೊಬ್ಬನ ಇಚ್ಛೆಗೆ ಬಂತೆಂದು ಕಂಡಾಗ, ತಾನಾಗಿಯೇ ಉಣ್ಣತೊಡಗಿದನು. ಈ ಪ್ರಸಂಗವನ್ನು ಅವರು ಮುಂದೆ ಪ್ರಾಯದಲ್ಲಿ ಹಲವು ಸಲ ಹೇಳುತ್ತಿದ್ದರು. ಅವರ ಜೀವಿತಕಾರ್ಯಕ್ಕೆಲ್ಲ ಬೀಜವು ಇಲ್ಲಿಯೇ ಬಿದ್ದಿತೆಂದರೆ ತಪ್ಪಾಗಲಾರದು.

ತಾಯಿ ಝೋನಾ ರಾಬರ್ಟ್ಸರು ಧೀರ ಹೆಣ್ಣುಮಗಳು. ಮೊದಮೊದಲು ಮಗನು ಮನೆಯಲ್ಲಿಯೇ ಮಲಗಿ, ಶಾಲೆಯ ಕೋಣೆಗೆ ಜೋಡಿಸಿದ ಟೆಲಿಫೋನಿನ ಮುಖಾಂತರ ಪಾಠವನ್ನು ಕೇಳುತ್ತಿದ್ದನು. ಹೀಗೆಯೇ ಬಿಟ್ಟರೆ ಇವನು ಜನರ ಮುಂದೆ ಎಂದಿಗೂ ಬರಲಾರನೆಂದು ಅರಿತ ತಾಯಿಯು, ವಾರದಲ್ಲಿ ಒಂದು ದಿನವಾದರೂ ಶಾಲೆಗೆ ಹೋಗಲೇಬೇಕೆಂದು ಹಟ ಹಿಡಿದಳು. ಮೊದಲ ದಿನ ಅಂಗಳದ ಹುಡುಗರೆಲ್ಲರೂ ನೆಟ್ಟ ದೃಷ್ಟಿಯಿಂದ ನೋಡಿದರು. ಅದೇ ಅವನು ಅಂಜುತ್ತಿದ್ದ ವಿಪತ್ತು. ಬಂದು ಎರಗಿದ ಮೇಲೆ ನೋಡಿದರೆ, ಅದರಿಂದ ಯಾವ ನೋವೂ ಆಗಲಿಲ್ಲ. ಜನರು ನೋಡುವದಾದರೆ ನಾಟಕದ ನಟನನ್ನು ನೋಡಿದಂತೆ ನೋಡಲಿ ಎಂದು ಅವನು ಅಂದಿನಿಂದ ಮನಸ್ಸನ್ನು ಗಟ್ಟಿಮಾಡಿಕೊಂಡನು.

ಶಾಲೆಯ ಓದು ಮುಗಿದಾಗ ಇನ್ನೊಂದು ವಿಚಿತ್ರವು ಒದಗಿತು. ವಿದ್ಯಾರ್ಥಿಯು ದೇಹಶಿಕ್ಷಣವನ್ನೂ ಮೋಟಾರುಗಾಡಿ ನಡೆಸುವ ಶಿಕ್ಷಣವನ್ನೂ ಪೂರೈಸಿಲ್ಲವಾದ ಕಾರಣ ಪ್ರಮಾಣಪತ್ರವನ್ನು ಕೊಡಲಾಗದೆಂದು ಅಧಿಕಾರಿಗಳು ತಿಳಿಸಿದರು! ನಿಯಮದ ಅಕ್ಷರವನ್ನು ಹಿಡಿದು ಅದರ ಅರ್ಥವನ್ನು ಬಿಡುವ ಇಂಥ ವಿವೇಕವು ಯಾವದೊಂದು ದೇಶದ ಸ್ವತ್ತಲ್ಲವೆಂಬುದನ್ನು ಕಚೇರಿಗಳನ್ನು ಕಂಡವರೆಲ್ಲರೂ ಬಲ್ಲರು. ತಾಯಿಯು ಶಾಲಾಮಂಡಳಿಯವರೆಗೂ ಹೋಗಿ ವಾದಿಸಿ ಪ್ರಮಾಣಪತ್ರವನ್ನು ತಂದಳು.

ಅಲ್ಲಿಂದ ಮುಂದೆ ರಾಬರ್ಟ್ಸರು ಸ್ಯಾನ್ ಮಟೆಯೋದ ಕಾಲೇಜನ್ನು ಸೇರಿದರು. ಅಲ್ಲಿ ಜೀನ್ ವರ್ತ್ ಎಂಬ ಅಧ್ಯಾಪಿಕೆಯು ಅವರಿಗೆ ಮಾರ್ಗದರ್ಶಕಳಾದಳು. ಆಕೆಯು ಅಸಾಮಾನ್ಯ ಎತ್ತರದ ಹೆಂಗಸಾಗಿದ್ದು, ಜನರ ನಡುವೆ ಬೇರೆಯಾಗಿ ಕಾಣಿಸುವದರ ಕಷ್ಟವನ್ನು ತಾನೂ ಅನುಭವಿಸಿದ್ದಳು. ರಾಜ್ಯಶಾಸ್ತ್ರವನ್ನು ಓದಬೇಕಾದರೆ ಬರ್ಕ್ಲಿಗೇ ಹೋಗತಕ್ಕದ್ದೆಂದು ಆಕೆ ಸಲಹೆಯಿತ್ತಳು. ಇಲ್ಲಿ ಎರಡು ಬಾಗಿಲುಗಳು ಅಡ್ಡಬಂದವು. ಅಂಗವಿಕಲರ ಶಿಕ್ಷಣಕ್ಕೆ ದ್ರವ್ಯಸಹಾಯ ಮಾಡುತ್ತಿದ್ದ ಸಂಸ್ಥಾನದ ಪುನರ್ವಸತಿ ಖಾತೆಯು, ಈ ಮನುಷ್ಯನು ಎಂದಿಗೂ ಉದ್ಯೋಗ ಮಾಡಲಾರನು, ಆದುದರಿಂದ ಇವನಿಗೆ ಮಾಡುವ ವೆಚ್ಚವು ವ್ಯರ್ಥವೆಂದು ತೀರ್ಮಾನಿಸಿತು. ಸುದ್ದಿಯು ವೃತ್ತಪತ್ರಗಳಲ್ಲಿ ಬಂದು ಗದ್ದಲವಾದ ಮೇಲೆಯೇ ಖಾತೆಯವರು ತಮ್ಮ ತೀರ್ಮಾನವನ್ನು ಬದಲಿಸಿದರು. ಇತ್ತ ವಿಶ್ವವಿದ್ಯಾಲಯದ ಅಧಿಕಾರಿಗಳಲ್ಲಿಯೂ, ಅಂಗವಿಕಲರನ್ನು ಹಿಂದೆ ಸೇರಿಸಿಕೊಂಡು ನೋಡಿದ್ದೇವೆ, ಅದು ಸಾಗಲಿಲ್ಲ ಎಂಬ ಮಾತು ಹೊರಟಿತು.

ಎಲ್ಲಕ್ಕಿಂತಲೂ ದೊಡ್ಡ ತೊಡಕು ಹಾಸಿಗೆಯದು. ಉಸಿರಾಟದ ಯಂತ್ರದ ತೂಕವು ಸುಮಾರು 800 ಪೌಂಡು. ಅದನ್ನು ವಿದ್ಯಾರ್ಥಿಗೃಹದ ಮಾಳಿಗೆಯ ನೆಲವು ತಾಳುವಂತಿರಲಿಲ್ಲ. ಆಗ ವಿದ್ಯಾಲಯದ ಆರೋಗ್ಯವಿಭಾಗದ ಮುಖ್ಯರಾದ ಡಾಕ್ಟರ್ ಹೆನ್ರಿ ಬ್ರೂನ್ ಎಂಬವರು ಮುಂದೆ ಬಂದರು. ವಿದ್ಯಾಲಯದ ಆವರಣದಲ್ಲಿಯೇ ಕೌವೆಲ್ ಎಂಬ ಆಸ್ಪತ್ರೆಯಿದ್ದಿತು. ಅದರೊಂದು ಭಾಗದಲ್ಲಿ ವಾಸಕ್ಕೆ ಸ್ಥಳ ಕೊಡುವದಾಗಿ ಅವರು ಹೇಳಿದರು. ರಾಬರ್ಟ್ಸರು ಒಂದು ಕರಾರಿನ ಮೇಲೆ ಒಪ್ಪಿದರು: ಆ ಕೋಣೆಯು ವಿದ್ಯಾರ್ಥಿಯ ಕೋಣೆಯೆನಿಸಬೇಕೇ ಹೊರತು ರೋಗಿಯ ಕೋಣೆಯೆನಿಸಬಾರದು. 1962ರ ಶರತ್ಕಾಲದಲ್ಲಿ ಅವರು ಪ್ರವೇಶಿಸಿದರು. ಅದೇ ತಿಂಗಳುಗಳಲ್ಲಿ ಅಮೆರಿಕದ ದಕ್ಷಿಣದಲ್ಲಿ ಜೇಮ್ಸ್ ಮೆರೆಡಿತ್ ಎಂಬ ಕರಿಯ ತರುಣನು ಮಿಸಿಸಿಪಿ ವಿಶ್ವವಿದ್ಯಾಲಯವನ್ನು ಸರಕಾರೀ ಪಹರೆಯ ನಡುವೆ ಪ್ರವೇಶಿಸಿದನು. ಅವನ ಪ್ರವೇಶದ ಸುದ್ದಿಯನ್ನು ಲೋಕವೇ ಓದಿತು. ಬರ್ಕ್ಲಿಯ ಪ್ರವೇಶಕ್ಕೆ ಸ್ಥಳೀಯ ಪತ್ರಿಕೆಯೊಂದು ಕೊಟ್ಟ ಶಿರೋನಾಮೆಯಲ್ಲಾದರೋ 'ನಿಸ್ಸಹಾಯಕ' ಎಂಬ ವಿಶೇಷಣವೇ ಮುಂದಾಗಿತ್ತು.

ಆ ಕಾಲದಲ್ಲಿ ರಾಬರ್ಟ್ಸರ ದಿನಚರಿಯು ಹೇಗಿದ್ದಿತೆಂಬುದನ್ನು ಊಹಿಸಿಕೊಳ್ಳಬೇಕು. ಬೆಳಿಗ್ಗೆ ಒಬ್ಬರು ಬಂದು ಯಂತ್ರದಿಂದ ಹೊರತೆಗೆದು, ಮೈ ತೊಳೆದು, ಬಟ್ಟೆ ತೊಡಿಸಿ, ಉಣ್ಣಿಸಿ, ಕುರ್ಚಿಯಲ್ಲಿ ಕೂಡಿಸಬೇಕು. ಬರ್ಕ್ಲಿಯ ಆವರಣವು ಗುಡ್ಡದ ಇಳಕಲಿನಲ್ಲಿದ್ದುದರಿಂದ ಕುರ್ಚಿಯನ್ನು ತಳ್ಳುವವನಿಗೆ ಬೆವರು ಸುರಿಯುವದು. ಮೆಟ್ಟಲುಗಳು ಬಂದಲ್ಲಿ ಹಾದುಹೋಗುವ ವಿದ್ಯಾರ್ಥಿಗಳನ್ನು ಕರೆದು ಕುರ್ಚಿಯೊಡನೆ ತಮ್ಮನ್ನೂ ಎತ್ತಿಸಿಕೊಂಡು ಹೋಗಬೇಕು. ಪುಟ ತಿರುವುವದು, ಟಿಪ್ಪಣಿ ಬರೆಯುವದು, ಇಂಥ ಪ್ರತಿಯೊಂದು ಸಣ್ಣ ಕೆಲಸಕ್ಕೂ ಒಂದು ಉಪಾಯವನ್ನು ಮುಂಚಿತವಾಗಿ ಹೂಡಿರಬೇಕು. ಪರಿಚಾರಕರ ಸಂಬಳಕ್ಕೆ ಸಂಸ್ಥಾನದಿಂದ ಹಣವು ಸಿಕ್ಕುತ್ತಿತ್ತು. ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ತಮ್ಮನಾದ ರಾನ್ ಎಂಬವನೂ ಅಣ್ಣನ ಪರಿಚಾರಕನಾಗಿ ದುಡಿದನು.

ಇಲ್ಲಿಯೇ ಈ ಚರಿತ್ರೆಯ ಮರ್ಮವಿದೆ. ಆಸ್ಪತ್ರೆಯಲ್ಲಿ ದಾದಿಯು ರೋಗಿಗೆ ಯಾವಾಗ ಏಳಬೇಕು, ಯಾವಾಗ ಮಲಗಬೇಕೆಂದು ಹೇಳುವಳು, ರೋಗಿಯು ಕೇಳುವನು. ಕೌವೆಲ್ಲಿನಲ್ಲಿ ಪರಿಚಾರಕನನ್ನು ಗೊತ್ತುಮಾಡುವವನು ವಿದ್ಯಾರ್ಥಿ, ಕೆಲಸವನ್ನು ಕಲಿಸುವವನು ವಿದ್ಯಾರ್ಥಿ, ಒಪ್ಪದಿದ್ದರೆ ಬಿಡಿಸುವವನೂ ವಿದ್ಯಾರ್ಥಿಯೇ. ಸಹಾಯವು ಅದೇ, ಅದನ್ನು ನಡೆಸುವವರು ಬೇರೆ. ಸ್ವಾತಂತ್ರ್ಯವೆಂದರೆ ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವದಲ್ಲ, ಯಾವ ಅಂಗಿಯನ್ನು ಎಷ್ಟು ಹೊತ್ತಿಗೆ ತೊಡಬೇಕೆಂಬುದನ್ನು ತಾನೇ ನಿರ್ಣಯಿಸುವದು ಎಂಬ ಅರ್ಥವು ಅಲ್ಲಿ ಮೂಡಿತು. ಗುಂಡಿ ಹಾಕಿಕೊಳ್ಳುವದರಲ್ಲಿಯೇ ಎರಡು ತಾಸು ಕಳೆದು ಪಾಠವನ್ನು ತಪ್ಪಿಸಿಕೊಂಡ ವಿದ್ಯಾರ್ಥಿಗಿಂತ, ಇನ್ನೊಬ್ಬರಿಂದ ತೊಡಿಸಿಕೊಂಡು ಹೊತ್ತಿಗೆ ಸರಿಯಾಗಿ ಪಾಠಕ್ಕೆ ಹೋದವನು ಹೆಚ್ಚು ಸ್ವತಂತ್ರನು. ಇಲಿನಾಯಿಗೂ ಬರ್ಕ್ಲಿಗೂ ಇದ್ದ ಭೇದವು ಇಷ್ಟರಲ್ಲಿಯೇ ಇದೆ. ಇದರಿಂದ ನ್ಯೂಜೆಂಟರ ಕಾರ್ಯವು ಸಣ್ಣದೆಂದು ಹೇಳಿದಂತಾಗಲಿಲ್ಲ. ಇಳಿಜಾರು ದಾರಿಗಳನ್ನು ಮೊದಲು ಕಟ್ಟಿದವರು ಅವರು, ಬರ್ಕ್ಲಿಯ ಕೀರ್ತಿಯ ಗದ್ದಲದಲ್ಲಿ ಅವರ ಹೆಸರು ಹಿಂದೆ ಬಿದ್ದಿರುವದು ನ್ಯಾಯವಲ್ಲ.

1963ರಲ್ಲಿ ಜಾನ್ ಹೆಸ್ಲರ್ ಎಂಬ ಎರಡನೆಯ ವಿದ್ಯಾರ್ಥಿಯು ಕೌವೆಲ್ಲಿಗೆ ಬಂದರು. ನೀರಿಗೆ ಧುಮುಕಿದಾಗ ಕುತ್ತಿಗೆಗೆ ಪೆಟ್ಟು ಬಿದ್ದು ಕೈಕಾಲುಗಳ ಶಕ್ತಿ ಹೋಗಿದ್ದ ಇವರು, ಮನೆಯಲ್ಲಿ ಅನುಕೂಲವಿಲ್ಲದ್ದರಿಂದ ಜಿಲ್ಲೆಯ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದು, ಅಲ್ಲಿಂದಲೇ ಬಾಡಿಗೆಯ ಮೋಟಾರಿನಲ್ಲಿ ಕಾಲೇಜಿಗೆ ಹೋಗಿಬರುತ್ತಿದ್ದವರು. ರೋಗವೇನೂ ಇಲ್ಲದೆ ಕೇವಲ ಮಲಗಲು ಎಡೆಯಿಲ್ಲವೆಂಬ ಕಾರಣಕ್ಕೆ ಆಸ್ಪತ್ರೆಯಲ್ಲಿ ಯೌವನವನ್ನು ಕಳೆಯುವದೆಂದರೇನೆಂಬುದನ್ನು ಅವರಷ್ಟು ಬಲ್ಲವರು ಬೇರೊಬ್ಬರಿರಲಿಲ್ಲ. ಕ್ರಮೇಣ ಸಂಖ್ಯೆಯು ಬೆಳೆದು, 1960ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಸುಮಾರು 12 ಮಂದಿ ವಾಸವಾಗಿದ್ದರು. ಬೇರೆಬೇರೆ ಊರುಗಳಲ್ಲಿ ಒಬ್ಬೊಬ್ಬರಾಗಿ, ತಮ್ಮ ಕಷ್ಟವು ತಮ್ಮ ಹಣೆಬರಹವೆಂದೇ ನಂಬಿದ್ದ ತರುಣರು ಒಂದೇ ಸೂರಿನ ಕೆಳಗೆ ಕೂಡಿದಾಗ, ಎಲ್ಲರ ಹಣೆಯಲ್ಲಿಯೂ ಒಂದೇ ಬರಹವಿರುವದು ಅವರಿಗೆ ಸೋಜಿಗವಾಗಿ ತೋರಿತು. ಅದು ವಿಧಿಯ ಬರಹವಲ್ಲ, ಗಾರೆಗೆಲಸದವನ ಬರಹವೆಂದು ಆಮೇಲೆ ತಿಳಿಯಿತು. ಬರ್ಕ್ಲಿಯಾದರೋ ಆ ವರ್ಷಗಳಲ್ಲಿ ವಿದ್ಯಾರ್ಥಿ ಚಳವಳಿಗಳ ತವರಾಗಿದ್ದಿತು. 1964ರ ವಾಕ್‌ಸ್ವಾತಂತ್ರ್ಯದ ಚಳವಳಿಯು ಅವರ ಕಣ್ಣೆದುರಿಗೇ ನಡೆದುಹೋಗಿತ್ತು. ಅವರು ತಮ್ಮ ಕೂಟಕ್ಕೆ 'ರೋಲಿಂಗ್ ಕ್ವಾಡ್ಸ್' ಎಂದು ಹೆಸರಿಟ್ಟುಕೊಂಡರು. ಕೈಕಾಲು ನಾಲ್ಕೂ ಸ್ವಾಧೀನದಲ್ಲಿ ಇಲ್ಲದವರಿಗೆ ವೈದ್ಯರು ಹೇಳುವ ಪದವನ್ನು ಮೊಟಕುಮಾಡಿ, ಅದಕ್ಕೆ 'ಉರುಳುವ' ಎಂಬ ವಿಶೇಷಣವನ್ನು ಸೇರಿಸಿದ ವಿನೋದದ ಹೆಸರಿದು. ತನ್ನ ಊನವನ್ನು ತಾನೇ ಪರಿಹಾಸ್ಯ ಮಾಡಬಲ್ಲವನನ್ನು ಇತರರು ಕನಿಕರದಿಂದ ನೋಡುವದು ಕಷ್ಟ.

ಈ ವಿನೋದದ ಕೂಟಕ್ಕೆ ಬೇಗನೆ ಗಂಭೀರ ಕೆಲಸವು ಒದಗಿತು. 1969ರ ಸುಮಾರಿಗೆ ಪುನರ್ವಸತಿ ಖಾತೆಯ ಸಲಹೆಗಾರರೊಬ್ಬರು, ಓದಿನಲ್ಲಿ ತಕ್ಕ ಪ್ರಗತಿಯಿಲ್ಲವೆಂಬ ಕಾರಣವನ್ನೊಡ್ಡಿ ಇಬ್ಬರು ವಿದ್ಯಾರ್ಥಿಗಳನ್ನು ಕೌವೆಲ್ಲಿನಿಂದ ಹೊರಡಿಸಲು ಯತ್ನಿಸಿದರು. ನಡೆಯಬಲ್ಲ ವಿದ್ಯಾರ್ಥಿಯು ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಬೇರೆ ಕೋಣೆಯನ್ನು ಹುಡುಕಿಕೊಂಡಾನು. ಇವರು ಹೋಗತಕ್ಕದ್ದು ಎಲ್ಲಿಗೆ? ಆಸ್ಪತ್ರೆಗೆ, ಇಲ್ಲವೆ ತಂದೆತಾಯಿಗಳ ಮನೆಯ ಹಿಂಗೋಣೆಗೆ. ಕೂಟದವರು ಒಟ್ಟಾಗಿ ಪ್ರತಿಭಟಿಸಿ, ಪತ್ರಿಕೆಗಳಿಗೆ ತಿಳಿಸಿ, ಆ ಇಬ್ಬರನ್ನು ಉಳಿಸಿಕೊಂಡರು. ಸಲಹೆಗಾರರಿಗೆ ಬೇರೆಡೆಗೆ ವರ್ಗವಾಯಿತು. ಗೆದ್ದ ಮೇಲೆ ಅವರು ಸುಮ್ಮನೆ ಕೂಡಲಿಲ್ಲ. ಆಸ್ಪತ್ರೆಯ ಹೊರಗೆ ಊರಿನಲ್ಲಿ ಸ್ವತಂತ್ರವಾಗಿ ಬಾಳುವದು ಹೇಗೆಂಬುದನ್ನೇ ಒಂದು ಅಭ್ಯಾಸವಿಷಯವನ್ನಾಗಿ ಮಾಡಿಕೊಂಡು ಕೂಡಿ ಕಲಿತರು.

ಆ ವೇಳೆಗೆ ರಾಬರ್ಟ್ಸರು 1964ರಲ್ಲಿ ಬಿ.ಎ. ಪದವಿಯನ್ನೂ 1966ರಲ್ಲಿ ಎಂ.ಎ. ಪದವಿಯನ್ನೂ ಪಡೆದಿದ್ದರು. ಹಿಂದುಳಿದ ವಿದ್ಯಾರ್ಥಿಗಳು ಕಾಲೇಜನ್ನು ನಡುವೆ ಬಿಡದಂತೆ ಕೇಂದ್ರ ಸರಕಾರವು ಒಂದು ಯೋಜನೆಯನ್ನು ಹೂಡಿದಾಗ, ಆ ಕೆಲಸದಲ್ಲಿದ್ದ ಜೀನ್ ವರ್ತ್ ಅವರು ತಮ್ಮ ಹಳೆಯ ಶಿಷ್ಯನನ್ನು ವಾಶಿಂಗ್ಟನ್ನಿಗೆ ಕರೆಯಿಸಿಕೊಂಡರು. ಆ ಯೋಜನೆಯ ಹಣದಲ್ಲಿ ಒಂದು ಪಾಲು ಅಂಗವಿಕಲ ವಿದ್ಯಾರ್ಥಿಗಳಿಗೆ ಸಲ್ಲುವಂತಾಯಿತು. ಅದರ ಬಲದಿಂದ 1970ರಲ್ಲಿ ಬರ್ಕ್ಲಿಯಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಸೇವಾವಿಭಾಗವು ಆರಂಭವಾಗಿ, ಹೆಸ್ಲರರು ಅದರ ಮೊದಲನೆಯ ನಿರ್ದೇಶಕರಾದರು.

ಆ ವಿಭಾಗವು ಮಾಡಿದ ಕೆಲಸಗಳು ಹೊರಗಿನವರಿಗೆ ಅಲ್ಪವೆಂದು ತೋರಬಹುದು. ಪರಿಚಾರಕರಾಗಲು ಒಪ್ಪುವವರ ಹೆಸರುಗಳ ಪಟ್ಟಿಯನ್ನು ಇಟ್ಟುಕೊಳ್ಳುವದು. ಇದ್ದ ಪರಿಚಾರಕನು ಒಂದು ಮುಂಜಾನೆ ಬಾರದೆಹೋದರೆ ಕೂಡಲೆ ಬೇರೊಬ್ಬನನ್ನು ಕಳುಹಿಸುವದು. ಮೆಟ್ಟಲಿಲ್ಲದ ಬಾಡಿಗೆಯ ಮನೆಗಳನ್ನು ಹುಡುಕುವದು. ಬಾಗಿಲುಗಳಿಗೆ ಹಲಗೆಯ ಇಳಿಜಾರನ್ನು ಮಾಡಿಸುವದು. ಎಲ್ಲಕ್ಕಿಂತ ಮುಖ್ಯವಾಗಿ ಕುರ್ಚಿಗಳ ದುರಸ್ತಿ! ವಿದ್ಯುಚ್ಛಕ್ತಿಯಿಂದ ನಡೆಯುವ ಕುರ್ಚಿಗಳು ಆಗ ಬಳಕೆಗೆ ಬಂದಿದ್ದರೂ, ಅವುಗಳನ್ನು ಮಾಡಿದವರು ಮನೆಯೊಳಗಿನ ಸಂಚಾರವನ್ನಷ್ಟೇ ಎಣಿಸಿದ್ದರು. ಬರ್ಕ್ಲಿಯ ಏರಿಳಿತಗಳಲ್ಲಿ ಅವು ದಿನಕ್ಕೊಂದು ಬಗೆಯಾಗಿ ಮುರಿಯುತ್ತಿದ್ದವು. ಕುರ್ಚಿಯು ಕೆಟ್ಟುನಿಂತರೆ ಕುಳಿತವನು ನಡುಬೀದಿಯಲ್ಲಿ ಮರದ ಬೊಂಬೆಯಂತೆ ನಿಲ್ಲಬೇಕು. ಕಾರಖಾನೆಗೆ ಕಳುಹಿಸಿ ವಾರಗಟ್ಟಲೆ ಕಾಯ್ದರೆ ಒಂದು ಅವಧಿಯ ಪಾಠವೇ ಹೋಗುವದು. ವಿಭಾಗದವರು ತಮ್ಮದೇ ದುರಸ್ತಿಯ ಅಂಗಡಿಯನ್ನು ತೆರೆದು ಈ ಕುತ್ತವನ್ನು ಕಳೆದರು. ಗ್ರಂಥಾಲಯವು ಹೇಗೋ ಹಾಗೆಯೇ ಆ ಸಣ್ಣ ಅಂಗಡಿಯೂ ಅವರ ವಿದ್ಯೆಯ ಆಧಾರಸ್ತಂಭವಾಗಿದ್ದಿತೆಂಬುದು ಅತಿಶಯೋಕ್ತಿಯಲ್ಲ.

ರಾಬರ್ಟ್ಸರು ವಿದ್ಯುತ್ತಿನ ಕುರ್ಚಿಯನ್ನು ಹಿಡಿದ ಪ್ರಸಂಗವು ಸ್ವಾರಸ್ಯವುಳ್ಳದ್ದು. ಎರಡೇ ಬೆರಳುಗಳ ಶಕ್ತಿಯಿಂದ ಅದನ್ನು ನಡೆಸುವದು ಅವರಿಂದಾಗದೆಂದು ಬಲ್ಲವರು ಹೇಳಿದ್ದರು; ಅವರೂ ನಂಬಿದ್ದರು. ಆದರೆ ಅವರು ಒಬ್ಬ ತರುಣಿಯಲ್ಲಿ ಅನುರಕ್ತರಾದಾಗ, ಕುರ್ಚಿಯನ್ನು ತಳ್ಳುವ ಪರಿಚಾರಕನು ಸದಾ ಬೆನ್ನ ಹಿಂದೆ ನಿಂತಿರುವದು ತೀರ ಅನಾನುಕೂಲವಾಗಿ ಕಂಡಿತು! ನಡೆಸುವ ಹಿಡಿಯನ್ನು ಮುಂದಕ್ಕೆ ನೂಕಲು ಬೆರಳಿನಲ್ಲಿ ಬಲವಿಲ್ಲ, ಹಿಂದಕ್ಕೆ ಎಳೆಯಲು ಇದೆ. ಹಾಗಾದರೆ ಹಿಡಿಯನ್ನೇ ತಿರುಗುಮುರುಗಾಗಿ ಜೋಡಿಸಿದರಾಯಿತು. ತಜ್ಞರಿಗೆ ತೋಚದಿದ್ದ ಈ ಯುಕ್ತಿಯು ಹೀಗೆ ಫಲಿಸಿತು.

ಊರಿನ ಬೀದಿಗಳ ಕಡೆಗೂ ವಿದ್ಯಾರ್ಥಿಗಳ ದೃಷ್ಟಿಯು ಹರಿಯಿತು. ಕಾಲುದಾರಿಯ ಅಂಚು ಬೀದಿಗಿಂತ ಒಂದು ಗೇಣು ಎತ್ತರವಾಗಿದ್ದರೆ ಕುರ್ಚಿಯವನಿಗೆ ಅದು ಕೋಟೆಯ ಗೋಡೆ. 1970ರ ದಶಕದ ಆರಂಭದಲ್ಲಿ ಅವರ ಒತ್ತಾಯದಿಂದ ಬರ್ಕ್ಲಿಯ ನಗರಸಭೆಯು ಕೂಡುಬೀದಿಗಳಲ್ಲಿ ಈ ಅಂಚುಗಳನ್ನು ಇಳಿಜಾರು ಮಾಡಿಸತೊಡಗಿತು. ಇತ್ತ ಸೇವಾವಿಭಾಗಕ್ಕೆ ವಿದ್ಯಾರ್ಥಿಗಳಲ್ಲದ ಊರಿನ ಅಂಗವಿಕಲರೂ ಸಹಾಯ ಬೇಡಿ ಬರಲಾರಂಭಿಸಿದ್ದರಿಂದ, 1972ರಲ್ಲಿ ಎಲ್ಲರಿಗಾಗಿ 'ಸ್ವತಂತ್ರಜೀವನ ಕೇಂದ್ರ'ವು ಸ್ಥಾಪಿತವಾಯಿತು. ಕೌವೆಲ್ಲಿನ ವಾಸವು 1975ರ ಹೊತ್ತಿಗೆ ಮುಗಿದು, ಗಾಲಿಕುರ್ಚಿಯ ವಿದ್ಯಾರ್ಥಿಗಳು ಇತರರಂತೆ ಸಾಮಾನ್ಯ ವಿದ್ಯಾರ್ಥಿಗೃಹಗಳಿಗೆ ಹೋದರು.

ಅಮೆರಿಕದ ಪೂರ್ವ ತೀರದಲ್ಲಿ ಇದೇ ಹೋರಾಟವನ್ನು ಒಬ್ಬಂಟಿಗಳಾಗಿ ಹೂಡಿದ್ದ ಜ್ಯೂಡಿತ್ ಹ್ಯೂಮನ್ ಎಂಬ ಮಹಿಳೆಯನ್ನು ಇಲ್ಲಿ ಸ್ಮರಿಸಬೇಕು. ಬಾಲ್ಯದಲ್ಲಿಯೇ ಪೋಲಿಯೋದಿಂದ ನಡೆಯಲಾರದಂತಾದ ಆಕೆಯು ನ್ಯೂಯಾರ್ಕಿನ ಲಾಂಗ್ ಐಲಂಡ್ ವಿಶ್ವವಿದ್ಯಾಲಯದಲ್ಲಿ, ವಿದ್ಯಾರ್ಥಿಗೃಹದಲ್ಲಿ ವಾಸಿಸುವ ಹಕ್ಕಿಗಾಗಿಯೂ ಇಳಿಜಾರು ದಾರಿಗಳಿಗಾಗಿಯೂ ಸಹಪಾಠಿಗಳನ್ನು ಕೂಡಿಸಿ ಕಾದಿದಳು. ಪದವಿಯಾದ ಮೇಲೆ, ಶಾಲೆಗೆ ಬೆಂಕಿ ಬಿದ್ದರೆ ಮಕ್ಕಳನ್ನು ಹೊರಗೆ ಸಾಗಿಸಲಾರಳೆಂಬ ನೆಪದಿಂದ 1970ರಲ್ಲಿ ಆಕೆಗೆ ಶಿಕ್ಷಕಿಯ ಪರವಾನಗಿಯನ್ನು ನಿರಾಕರಿಸಲು, ನ್ಯಾಯಾಲಯಕ್ಕೆ ಹೋಗಿ ಅದನ್ನು ಪಡೆದಳು. 1973ರಲ್ಲಿ ರಾಬರ್ಟ್ಸರ ಆಹ್ವಾನದಿಂದ ಆಕೆ ಬರ್ಕ್ಲಿಗೆ ಬಂದಳು.

ಅದೇ 1973ರಲ್ಲಿ ಅಮೆರಿಕದ ಪುನರ್ವಸತಿ ಕಾಯದೆಯ 504ನೆಯ ಕಲಮು ಮಂಜೂರಾಗಿತ್ತು. ಸರಕಾರದ ದ್ರವ್ಯವನ್ನು ಪಡೆಯುವ ಯಾವ ಸಂಸ್ಥೆಯೂ ಅರ್ಹನಾದ ಅಂಗವಿಕಲನನ್ನು ಆ ಕಾರಣಕ್ಕಾಗಿ ಹೊರಗಿಡಬಾರದೆಂಬುದು ಅದರ ತಾತ್ಪರ್ಯ. ಅಂದರೆ ಹೆಚ್ಚುಕಡಿಮೆ ಎಲ್ಲ ಕಾಲೇಜುಗಳೂ ಅದಕ್ಕೆ ಒಳಪಟ್ಟವು. ಆದರೆ ನಿಯಮಾವಳಿಗೆ ಮಂತ್ರಿಗಳ ಸಹಿಯಿಲ್ಲದೆ ಆ ಕಲಮು ನಾಲ್ಕು ವರ್ಷ ಕಾಗದದ ಮೇಲೆಯೇ ಉಳಿಯಿತು. 1977ನೆಯ ಎಪ್ರಿಲ್ 5ರಂದು ಹ್ಯೂಮನ್, ಕಿಟ್ಟಿ ಕೋನ್ ಮೊದಲಾದವರ ನೇತೃತ್ವದಲ್ಲಿ ನೂರಕ್ಕೂ ಮಿಕ್ಕಿದ ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯ ಕೇಂದ್ರ ಸರಕಾರದ ಕಚೇರಿಯನ್ನು ಹೊಕ್ಕು ಅಲ್ಲಿಯೇ ಕುಳಿತುಬಿಟ್ಟರು. ಮೂರು ವಾರಗಳಿಗೂ ಹೆಚ್ಚು ಕಾಲ ಅವರು ಕದಲಲಿಲ್ಲ. ಔಷಧ, ಹಾಸಿಗೆ, ಪರಿಚಾರಕ ಯಾವದೂ ಸರಿಯಾಗಿಲ್ಲದೆ ನೆಲದ ಮೇಲೆ ಮಲಗುವದೆಂದರೆ ಅಂಥವರಲ್ಲಿ ಕೆಲವರಿಗೆ ಪ್ರಾಣಸಂಕಟವೇ ಸರಿ. ಕರಿಯ ಜನರ 'ಬ್ಲ್ಯಾಕ್ ಪ್ಯಾಂಥರ್' ಪಕ್ಷದವರು ಹೊರಗಿನಿಂದ ಬಿಸಿಯೂಟವನ್ನು ತಂದು ಉಣ್ಣಿಸಿ ಸತ್ಯಾಗ್ರಹವನ್ನು ಉಳಿಸಿದರು. ಎಪ್ರಿಲ್ 28ರಂದು ಮಂತ್ರಿ ಜೋಸೆಫ್ ಕ್ಯಾಲಿಫಾನೋ ಅವರ ಸಹಿಯು ಬಿದ್ದಿತು.

ಆ ನಿಯಮಾವಳಿಯಲ್ಲಿ ವಿವೇಕದ ಮಾತೊಂದಿದೆ. ಇದ್ದ ಕಟ್ಟಡಗಳನ್ನೆಲ್ಲ ಒಡೆದು ಕಟ್ಟಬೇಕೆಂದು ಅದು ವಿಧಿಸಲಿಲ್ಲ. ಕುರ್ಚಿಯ ವಿದ್ಯಾರ್ಥಿಯು ಮಾಳಿಗೆಯ ಕೋಣೆಗೆ ಹೋಗಲಾರದಿದ್ದರೆ, ಪಾಠವನ್ನೇ ಕೆಳಗಿನ ಕೋಣೆಗೆ ತಂದರೂ ಸಾಕೆಂದು ಹೇಳಿತು. ಹಳೆಯ ಕಲ್ಲುಕಟ್ಟಡಗಳಲ್ಲಿ ನಡೆಯುವ ಕಾಲೇಜುಗಳು ಕನ್ನಡನಾಡಿನಲ್ಲಿಯೂ ಅನೇಕವಿರುವದರಿಂದ ಈ ಉಪಾಯವು ಗಮನಕ್ಕೆ ಅರ್ಹವಾಗಿದೆ. ವೇಳಾಪತ್ರಿಕೆಯಲ್ಲಿ ಒಂದು ಸಾಲನ್ನು ಬದಲಿಸುವದಕ್ಕೆ ಮಂಡಳಿಯ ಬೊಕ್ಕಸದಿಂದ ಒಂದು ಕಾಸೂ ಬೇಡ.

ಭಾರತದಲ್ಲಿ ಅಂಗವಿಕಲರ ಸಲುವಾಗಿ 1995ರಲ್ಲಿ ಮೊದಲ ಸಮಗ್ರ ಕಾಯದೆಯಾಗಿ, ಸರಕಾರೀ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ 3ರಷ್ಟು ಸ್ಥಾನಗಳನ್ನು ಮೀಸಲಿರಿಸಲಾಯಿತು. 2016ರ ಕಾಯದೆಯು ಉನ್ನತ ಶಿಕ್ಷಣದ ಸರಕಾರೀ ಸಂಸ್ಥೆಗಳಲ್ಲಿಯೂ ಸರಕಾರದ ನೆರವು ಪಡೆಯುವ ಸಂಸ್ಥೆಗಳಲ್ಲಿಯೂ ಇದನ್ನು ಶೇಕಡಾ 5ಕ್ಕೆ ಏರಿಸಿ, ಪ್ರವೇಶದ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯನ್ನು ಕೊಟ್ಟು, ಕಟ್ಟಡ ಆವರಣಗಳು ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸಿತು. ಅದು 2017ರ ಎಪ್ರಿಲ್ 19ರಿಂದ ಜಾರಿಗೆ ಬಂದಿತು. ಪೋಲಿಯೋ ಪಿಡುಗು ಭಾರತದಿಂದ ತೊಲಗಿತೆಂದು 2014ರಲ್ಲಿ ಪ್ರಮಾಣವಾಗಿದ್ದರೂ, ಹುಟ್ಟಿನಿಂದಲೋ ಅಪಘಾತದಿಂದಲೋ ಗಾಲಿಕುರ್ಚಿಯನ್ನು ಆಶ್ರಯಿಸುವ ವಿದ್ಯಾರ್ಥಿಗಳು ಇದ್ದೇ ಇರುವರು. ಮೀಸಲು ಸ್ಥಾನವು ಅವರ ಹೆಸರನ್ನು ಪಟ್ಟಿಯಲ್ಲಿ ಬರೆಯಬಲ್ಲದು. ವಿದ್ಯಾರ್ಥಿಗೃಹದ ಶೌಚಗೃಹದ ಬಾಗಿಲು ಕುರ್ಚಿಗಿಂತ ನಾಲ್ಕು ಅಂಗುಲ ಕಿರಿದಾಗಿದ್ದರೆ, ಆ ಹೆಸರು ಪಟ್ಟಿಯಲ್ಲಿಯೇ ಉಳಿಯುವದು. ಹೆತ್ತವರು ಮಗಳನ್ನು ಬೆನ್ನ ಮೇಲೆ ಹೊತ್ತು ಕಾಲೇಜಿಗೆ ತರುವ ದೃಶ್ಯವನ್ನು ಕಂಡು ಕಣ್ಣೀರು ತಂದುಕೊಳ್ಳುವ ಜನರು, ಆ ಹೊರೆಯು ಇಳಿಯುವಂತೆ ಎರಡು ಮೊಳದ ಇಳಿಜಾರನ್ನು ಕಟ್ಟಿಸುವ ಯೋಚನೆಯನ್ನು ಅಷ್ಟು ಬೇಗನೆ ಮಾಡುವದಿಲ್ಲ.

ರಾಬರ್ಟ್ಸರ ಮುಂದಿನ ಕಥೆಯು ಸಂಕ್ಷೇಪವಾಗಿ ಹೀಗಿದೆ. 1975ರಲ್ಲಿ ಸಂಸ್ಥಾನದ ಗವರ್ನರ್ ಜೆರಿ ಬ್ರೌನ್ ಅವರು ಅವರನ್ನು ಪುನರ್ವಸತಿ ಖಾತೆಯ ನಿರ್ದೇಶಕರನ್ನಾಗಿ ನೇಮಿಸಿದರು. ಇವನು ಎಂದಿಗೂ ಉದ್ಯೋಗ ಮಾಡಲಾರನೆಂದು ಬರೆದಿಟ್ಟಿದ್ದು ಆ ಖಾತೆಯೇ! 1983ರವರೆಗೆ ಅವರು ಆ ಪೀಠದಲ್ಲಿದ್ದರು. ಬಳಿಕ ಹ್ಯೂಮನ್ ಮೊದಲಾದವರೊಡನೆ ಕೂಡಿ ಅಂಗವೈಕಲ್ಯದ ವಿಷಯವಾಗಿ ಒಂದು ಜಾಗತಿಕ ಸಂಸ್ಥೆಯನ್ನು ಕಟ್ಟಿ ದೇಶದೇಶಗಳನ್ನು ಸಂಚರಿಸಿದರು. ಮದುವೆಯಾಗಿ ಒಬ್ಬ ಮಗನನ್ನು ಪಡೆದರು. ಗಿಡಮರವೆಂದ ವೈದ್ಯರ ಮಾತನ್ನು ಮರೆಯದೆ, ತಾವು ಹೊರಗೆ ಮುಳ್ಳೂ ಒಳಗೆ ತಿರುಳೂ ಇರುವ ಒಂದು ಬಗೆಯ ಕಾಯಿಪಲ್ಲೆಯೆಂದು ನಗೆಯಾಡುತ್ತಿದ್ದರು. 1995ನೆಯ ಮಾರ್ಚ್ 14ರಂದು, 56ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹ್ಯೂಮನ್ ಅವರು 2023ರ ಮಾರ್ಚ್ ತಿಂಗಳಲ್ಲಿ ಕಾಲವಾದರು.

2010ರಲ್ಲಿ ಬರ್ಕ್ಲಿಯ ಒಂದು ರೈಲುನಿಲ್ದಾಣದ ಬಳಿಯಲ್ಲಿಯೇ ರಾಬರ್ಟ್ಸರ ಹೆಸರಿನ ಕಟ್ಟಡವೊಂದು ತೆರೆಯಿತು. ಮೇಲ್ಮಾಳಿಗೆಗೆ ಹೋಗಲು ಅದರ ನಡುವೆ ಕೆಂಪು ಬಣ್ಣದ ಸುರುಳಿಯಾಕಾರದ ಅಗಲವಾದ ಇಳಿಜಾರು ದಾರಿಯಿದೆ. ಅವರು ಕುಳಿತು ಸಂಚರಿಸಿದ ಕುರ್ಚಿಯು ವಾಶಿಂಗ್ಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಸೇರಿತು. ರಾತ್ರಿಯ ಸಂಚಾರಕ್ಕೆಂದು ಅದಕ್ಕೆ ದೀಪವಿದೆ. ಹಿಂಬದಿಯಲ್ಲಿ ಉಸಿರಾಟದ ಯಂತ್ರಕ್ಕೂ ವಿದ್ಯುತ್ಕೋಶಕ್ಕೂ ಸ್ಥಳವಿದೆ. ಅವುಗಳ ಜೊತೆಗೆ, ಹೋದಲ್ಲಿ ಮೆಟ್ಟಲು ಅಡ್ಡಬಂದರೆ ಹಾಸಿಕೊಳ್ಳುವದಕ್ಕೆಂದು, ಹೊತ್ತೊಯ್ಯಬಹುದಾದ ಒಂದು ಸಣ್ಣ ಇಳಿಜಾರು ಹಲಗೆಗೂ ಜಾಗವಿದೆ.